ಕರೆಂಟ್ ಹೋದ ಮೇಲೆ ಸಿಕ್ಕ ತಪ್ಪು

ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತೋ ಹೇಳೋಕಾಗಲ್ಲ. ಅಂಥ ಒಂದು ಸಂಜೆ ನಾನು ಬರೆಯುತ್ತಿದ್ದ ಡ್ರೈವರ್‌ನ, ಅಂದರೆ ಡಿಸ್ಕ್ ನಡೆಸುವ ಸಾಫ್ಟ್‌ವೇರ್‌ನ, ದೊಡ್ಡ ತಪ್ಪು ಬಯಲಾಯಿತು.

ಅದು ಯೂಸರ್ ಸ್ಪೇಸ್ ಬ್ಲಾಕ್ ಡ್ರೈವರ್. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಕಣ್ಣಿಗೆ ಅದೊಂದು ಡಿಸ್ಕ್. ಆದರೆ ಓದುವ, ಬರೆಯುವ ಕೆಲಸ ಮಾಡುವುದು ಕರ್ನಲ್ ಹೊರಗೆ ಓಡುವ ಸಾಮಾನ್ಯ ಪ್ರೋಗ್ರಾಂ. ಲಿನಕ್ಸ್ 6.0ರಲ್ಲಿ, ಅಂದರೆ 2022ರಲ್ಲಿ, ಇದಕ್ಕೆಂದೇ ಯುಬಿಎಲ್‌ಕೆ (ublk) ಎಂಬ ವ್ಯವಸ್ಥೆ ಬಂತು. ಮುಗಿದ ಕೆಲಸದ ಲೆಕ್ಕ ಒಪ್ಪಿಸುವುದಕ್ಕೂ ಮುಂದಿನ ಕೆಲಸ ಕೇಳುವುದಕ್ಕೂ ಇದರಲ್ಲಿ ಒಂದೇ ಕಮಾಂಡ್ ಸಾಕು. ಆ ವಿನ್ಯಾಸ ನನಗೆ ತುಂಬಾ ಇಷ್ಟ.

ಡೇಟಾವನ್ನು ಒಂದು ದೊಡ್ಡ ಫೈಲಿನಲ್ಲಿ ಇಡುತ್ತಿದ್ದೆ. ಬರೆದದ್ದನ್ನು ಡಿಸ್ಕಿಗೆ ಗಟ್ಟಿಯಾಗಿ ಇಳಿಸು ಎಂದು ಕರ್ನಲ್ ಕಳಿಸುವ ಆಜ್ಞೆಯೇ ಫ್ಲಶ್. ಅದು ಬಂದರೆ ಆ ಕೆಲಸ ಮಾಡಿಸುವ ಎಫ್‌ಡೇಟಾಸಿಂಕ್ ಕರೆಯುವ ಕೋಡ್ ಕೂಡ ಇತ್ತು. ಬರೆಯುವ ಮಧ್ಯೆ ಪ್ರೋಗ್ರಾಂ ಅನ್ನು ಎಷ್ಟೋ ಸಲ ಕಿಲ್ ಮಾಡಿ, ಅಂದರೆ ಬಲವಂತವಾಗಿ ನಿಲ್ಲಿಸಿ, ನೋಡಿದ್ದೆ. ಒಂದಕ್ಷರವೂ ಹೋಗಿರಲಿಲ್ಲ.

ಆ ಸಂಜೆ ಅಪ್ಪನ ಅಡಿಕೆ ಲೆಕ್ಕದ ಡೇಟಾಬೇಸಿನ ಒಂದು ಪ್ರತಿಯನ್ನು ಆ ಡಿಸ್ಕಿನಲ್ಲಿ ಇಟ್ಟುಕೊಂಡು ಪರೀಕ್ಷೆ ಮಾಡುತ್ತಿದ್ದೆ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿಲ್ಲ. ಕರೆಂಟ್ ಹೋಯಿತು. ಮರುದಿನ ನೋಡಿದರೆ ಕೊನೆಯ ನಮೂದುಗಳೇ ಇಲ್ಲ! ಎಲ್ಲವೂ ಸೇವ್ ಆಗಿದೆ ಎಂದು ಡೇಟಾಬೇಸ್ ಹೇಳಿತ್ತು, ಅಲ್ವಾ?

ಎರಡು ದಿನ ಕೋಡ್ ಓದಿದೆ. ಆಮೇಲೆ ಕರ್ನಲ್ ತನ್ನ ಸೆಟ್ಟಿಂಗ್‌ಗಳನ್ನು ತೋರಿಸುವ ಸಿಸ್ ಫೈಲ್‌ಸಿಸ್ಟಮ್‌ನಲ್ಲಿ ಆ ಡಿಸ್ಕಿನ ರೈಟ್ ಕ್ಯಾಶ್ ಸೆಟ್ಟಿಂಗ್ ನೋಡಿದೆ. 'ರೈಟ್ ಥ್ರೂ' ಅಂತಿತ್ತು, ಅಂದರೆ ಬರೆದದ್ದು ಮಧ್ಯೆ ಎಲ್ಲೂ ನಿಲ್ಲದೆ ಡಿಸ್ಕಿಗೇ ಸೇರುತ್ತದೆ ಎಂದು. ಡಿಸ್ಕ್ ಸೃಷ್ಟಿಸುವಾಗ ವೊಲಟೈಲ್ ಕ್ಯಾಶ್ (ಕರೆಂಟ್ ಹೋದರೆ ಅಳಿಸಿಹೋಗುವ ತಾತ್ಕಾಲಿಕ ಜಾಗ) ಇದೆ ಎಂದು ನಾನು ತಿಳಿಸಿಯೇ ಇರಲಿಲ್ಲ. ಹಾಗಾಗಿ ಕರ್ನಲ್ ಒಂದೇ ಒಂದು ಫ್ಲಶ್ ಕೂಡ ಕಳಿಸಿರಲಿಲ್ಲ. ನನ್ನ ಕೋಡ್ ಸುಮ್ನೆ ಕೂತಿತ್ತು.

ಕಿಲ್ ಮಾಡಿದಾಗ ಇದು ಯಾಕೆ ಸಿಗಲಿಲ್ಲ? ಪ್ರೋಗ್ರಾಂ ಸತ್ತರೂ ಅದು ಬರೆದದ್ದು ಮೆಮೊರಿಯಲ್ಲಿರುವ ಕರ್ನಲ್‌ನ ಪೇಜ್ ಕ್ಯಾಶ್‌ನಲ್ಲಿ ಉಳಿದಿರುತ್ತದೆ. ಕರೆಂಟ್ ಹೋದರೆ ಅದೂ ಹೋಗುತ್ತದೆ. ಎರಡೂ ಬೇರೆ ಬೇರೆ ಪರೀಕ್ಷೆಗಳು.

ವೊಲಟೈಲ್ ಕ್ಯಾಶ್ ಇದೆ ಎಂದು ತಿಳಿಸುವ ಒಂದು ಫ್ಲ್ಯಾಗ್ ಸೇರಿಸಿದೆ. ಫ್ಲಶ್ ಬರತೊಡಗಿತು. ವೇಗ ಕಡಿಮೆಯಾಯಿತು, ಆದರೆ ಮೊದಲಿನ ವೇಗ ನಿಜವಾದದ್ದಾಗಿರಲಿಲ್ಲ.

ಮೆಮೊರಿ ಕಡಿಮೆಯಾದಾಗ ಡ್ರೈವರ್ ತನ್ನ ಡಿಸ್ಕಿಗೆ ತಾನೇ ಕಾಯುತ್ತಾ ನಿಂತುಬಿಡುವ ತೊಂದರೆಯೂ ಇದೆ. ಅದಕ್ಕೆ ಮೊದಲೇ ಮೆಮೊರಿ ಲಾಕ್ ಮಾಡಿಟ್ಟು, ಪ್ರೋಗ್ರಾಂಗೆ ಐಒ ಫ್ಲಶರ್ (ಡಿಸ್ಕಿನ ಕೆಲಸ ನಡೆಸುವ ಪ್ರೋಗ್ರಾಂ) ಎಂದು ಕರ್ನಲ್‌ನಿಂದ ಗುರುತು ಹಾಕಿಸಿಕೊಂಡೆ.

ಈಗ ಎಲ್ಲವನ್ನೂ ವರ್ಚುವಲ್ ಮಷೀನ್ (ಸಾಫ್ಟ್‌ವೇರ್‌ನಲ್ಲೇ ಓಡುವ ಕಂಪ್ಯೂಟರ್) ಒಳಗೆ ಓಡಿಸಿ, ಬರೆಯುವ ಮಧ್ಯೆ ಇಡೀ ಮಷೀನನ್ನೇ ಕಿಲ್ ಮಾಡುತ್ತೇನೆ. ಮಳೆಗಾಲದಲ್ಲಿ ಮಾತ್ರ ಯುಪಿಎಸ್ ಇಲ್ಲದ ಆ ಡೆಸ್ಕ್‌ಟಾಪ್‌ನಲ್ಲೂ ಓಡಿಸಿಡುತ್ತೇನೆ.