ಅಪವಾದ ಲಿನಕ್ಸಿಗೆ, ತಪ್ಪು ತಂತಿಯದು

ಕುವೆಂಪುನಗರದ ನಮ್ಮ ಮನೆಯ ಕೆಳಗೆ ಸ್ಟುಡಿಯೋ, ಮಹಡಿ ಮೇಲೆ ಎಡಿಟಿಂಗ್ ರೂಮು. ಮದುವೆ ವಿಡಿಯೋಗಳೆಲ್ಲ ಕೆಳಗಿನ ನ್ಯಾಸ್‌ನಲ್ಲಿ, ಅಂದರೆ ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆಯಲ್ಲಿ, ಇರುತ್ತವೆ. ನಾನು ಕೂರುವುದು ಮೇಲೆ, ಡೆಬಿಯನ್ ಲಿನಕ್ಸ್ ಹಾಕಿದ ಡೆಸ್ಕ್‌ಟಾಪಿನ ಮುಂದೆ. ಎರಡೂ ಕಡೆ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ಪೋರ್ಟು, ನಡುವಿನ ಸ್ವಿಚ್ಚೂ ಗಿಗಾಬಿಟ್. ಆದರೂ ಒಂದು ಮದುವೆಯ 60 ಜಿಬಿ ಮೇಲಕ್ಕೆ ಬರಲು ಹತ್ತಿರ ಹತ್ತಿರ ಒಂದೂವರೆ ಗಂಟೆ. ಲಗ್ನದ ಸೀಸನ್ನಿನಲ್ಲಿ ದಿನಕ್ಕೆರಡು ಮದುವೆ ಬಂದರೆ ಮೂರು ಗಂಟೆ ಕಾಪಿಗೇ ಹೋಗುತ್ತಿತ್ತು.

"ಭಾವ, ಈ ಲಿನಕ್ಸ್ ತೆಗೆದು ವಿಂಡೋಸ್ ಹಾಕ್ಕೊಳಿ, ಎಲ್ಲ ಸರಿಹೋಗುತ್ತೆ" ಅಂತ ಬಾಮೈದನ ದಿನನಿತ್ಯದ ಪಾಠ. ವೈರಿಂಗ್ ಮಾಡಿದ್ದವರೂ ಅದನ್ನೇ ಹೇಳಿದರು. ಮೂರು ಸಲ ಬಂದರು, ಬಂದಾಗಲೆಲ್ಲ 500 ರೂಪಾಯಿ. ಅವರ ಮಾತು ಕೇಳಿ ಸ್ವಿಚ್ ಬದಲಿಸಿದೆ, ಸುಮಾರು 1,400. ಹೊಸ ನೆಟ್‌ವರ್ಕ್ ಕಾರ್ಡಿಗೆ ಇನ್ನೊಂದು 900. ನೆಟ್‌ವರ್ಕಿನ ವೇಗ ಅಳೆಯುವ ಐಪರ್ಫ್3 ಮಾತ್ರ 94 ಮೆಗಾಬಿಟ್‌ನಿಂದ ಕದಲಲಿಲ್ಲ.

ಆ 94 ನೋಡಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಅದು 100 ಮೆಗಾಬಿಟ್ ಲಿಂಕಿನ ಸಂಖ್ಯೆ. ಲಿಂಕಿನ ಸ್ಥಿತಿ ಹೇಳುವ ಈಥ್‌ಟೂಲ್ ಕೂಡ 100 ಎಂದೇ ತೋರಿಸುತ್ತಿತ್ತು. ಬಲವಂತವಾಗಿ 1000ಕ್ಕೆ ಕೂರಿಸಲು ಹೋದೆ, ಲಿಂಕೇ ಬಿದ್ದುಹೋಯಿತು. ಕಾರ್ಡಿನ ಚಿಪ್ ಮಾಡಿದ ರಿಯಲ್‌ಟೆಕ್‌ನವರದೇ ಆರ್8168 ಡ್ರೈವರ್ ಕಂಪೈಲ್ ಮಾಡಿ ಎರಡು ರಾತ್ರಿ ಕಳೆದೆ, ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಅಪ್‌ಡೇಟ್ ಬಂದ ಕೂಡಲೇ ಅದೂ ಕೈಕೊಟ್ಟಿತು. ಮತ್ತೆ ಕರ್ನಲ್ಲಿನದೇ ಡ್ರೈವರ್ ಆರ್8169ಕ್ಕೇ ಬಂದೆ. ವಿದ್ಯುತ್ ಉಳಿಸುವ ಇಇಇ ಆಫ್ ಮಾಡಿದೆ, ದಟ್ಟಣೆ ನಿಭಾಯಿಸುವ ಬಿಬಿಆರ್ ಹಾಕಿದೆ, ಒಂದು ಭಾನುವಾರ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 9000 ಬೈಟಿಗೆ ಏರಿಸಿದೆ. ಅಷ್ಟು ದೊಡ್ಡ ಜಂಬೋ ಫ್ರೇಮು ನನ್ನ ಸ್ವಿಚ್ಚಿನಲ್ಲಿ ದಾಟಲೇ ಇಲ್ಲ, ನ್ಯಾಸ್ ಕಾಣೆಯಾಯಿತು. ಇವುಗಳಲ್ಲಿ ಒಂದೂ ಲಿಂಕಿನ ವೇಗ ಬದಲಿಸುವ ಮದ್ದಲ್ಲ, ಆದರೂ ಮಾಡಿದೆ.

ಕೊನೆಗೆ ಕರ್ನಲ್ಲಿನ ಸಂದೇಶಗಳ ಪಟ್ಟಿ ಡಿಮೆಸೇಜನ್ನು ಮೊದಲಿನಿಂದ ಸಾಲು ಸಾಲಾಗಿ ಓದಿದೆ. ಒಪ್ಪಿಕೊಂಡಿದ್ದು 1 ಗಿಗಾಬಿಟ್, ಇಳಿದದ್ದು 100 ಮೆಗಾಬಿಟ್, ಕೇಬಲ್ ನೋಡಿ ಎಂದು ಆರ್8169 ಪ್ರತಿ ಬೂಟಿನಲ್ಲೂ ಬರೆದಿಟ್ಟಿತ್ತು! ಎಲ್ಲರೂ ಬೈದದ್ದು ಯಾವುದನ್ನೋ, ಅದೇ ನಿಜ ಹೇಳುತ್ತಿತ್ತು. ಎಷ್ಟು ವೇಗ ಎಂದು ಎರಡು ತುದಿಯ ಯಂತ್ರಗಳ ಮಾತುಕತೆ ನಡೆಯುವುದು ಎರಡು ಜೋಡಿ ತಂತಿಯಲ್ಲಿ, 100 ಓಡುವುದಕ್ಕೂ ಆ ಎರಡೇ ಸಾಕು. ಗಿಗಾಬಿಟ್ಟಿಗೆ ಕೇಬಲ್ಲಿನ ನಾಲ್ಕೂ ಜೋಡಿ ಬೇಕು.

ಬಾಮೈದನ ವಿಂಡೋಸ್ ಲ್ಯಾಪ್‌ಟಾಪನ್ನು ಅದೇ ಕೇಬಲ್ಲಿಗೆ ಚುಚ್ಚಿದೆ. ಅಲ್ಲೂ 100. ಅವನು ಸುಮ್ಮನಾದ.

ಮೆಟ್ಟಿಲ ಕಿಟಕಿಯ ಸರಳಿನ ಹತ್ತಿರ ಕೇಬಲ್ ಚೂಪಾಗಿ ಮಡಚಿಕೊಂಡಿತ್ತು. ಅಲ್ಲಿ ಸಿಪ್ಪೆ ಸೀಳಿದೆ. ಕಂದು ಜೋಡಿ ಮುಟ್ಟಿದರೆ ಮುರಿಯುವಷ್ಟು ಸೊರಗಿತ್ತು, ಒಂದೆಳೆ ಆಗಲೇ ತುಂಡಾಗಿತ್ತು. ತುದಿಯನ್ನು ಬ್ಲೇಡಿನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ವೈರಿಂಗಿನವರು ತಾಮ್ರದ ಕೇಬಲ್ ಎಂದೇ ನನ್ನಿಂದ ದುಡ್ಡು ಪಡೆದಿದ್ದರು. ಸಿಟ್ಟು ಬಂದದ್ದು ಆಗ.

ಅಪ್ಪಟ ತಾಮ್ರದ ಕ್ಯಾಟ್6 ಕೇಬಲ್ ತಂದೆ, 40 ಮೀಟರು, ಮೀಟರಿಗೆ ಮೂವತ್ತರ ಆಸುಪಾಸು. ತುಂಬಿದ ಪೈಪಿನಲ್ಲಿ ಒಬ್ಬನೇ ಹೇಗೆ ಎಳೆದೆ ಅನ್ನುವುದು ನನ್ನ ಕೈಯಲ್ಲೇ ಇರಲಿ. ತುದಿಗಳಿಗೆ ಜ್ಯಾಕು ಕ್ರಿಂಪ್ ಮಾಡಿ (ಒತ್ತಿ ಕೂರಿಸಿ) ಚುಚ್ಚಿದೆ, ಈಥ್‌ಟೂಲ್ 1000 ಅಂತು.

ಅಲ್ಲಿಗೂ ಮುಗಿಯಲಿಲ್ಲ. ಐಪರ್ಫ್‌ನಲ್ಲಿ ನ್ಯಾಸ್ ಕಡೆಗೆ 940 ಮೆಗಾಬಿಟ್, ನ್ಯಾಸ್‌ನಿಂದ ನನ್ನ ಕಡೆಗೆ ಮುನ್ನೂರು ಚಿಲ್ಲರೆ. ಐಪರ್ಫ್‌ನ ಮತ್ತೆ ಕಳಿಸಿದ ಪ್ಯಾಕೆಟ್ಟುಗಳ ಕಾಲಮ್ಮು ಏರುತ್ತಲೇ ಇತ್ತು, ಈಥ್‌ಟೂಲ್‌ನ ಎಣಿಕೆಯಲ್ಲಿ ಆರ್‌ಎಕ್ಸ್ (ಬರುವ ಡೇಟಾದ) ಎರರ್ ಕೂಡ. ಈ ಸಲ ತಪ್ಪು ನನ್ನದೇ: ಮೇಲಿನ ತುದಿಯಲ್ಲಿ ಜೋಡಿ ತಂತಿಗಳ ಹುರಿ ಬಿಚ್ಚಿದ್ದು ಒಂದೂವರೆ ಇಂಚು. ಕತ್ತರಿಸಿ, ಹುರಿಯನ್ನು ಜ್ಯಾಕಿನ ಬಾಯಿಯವರೆಗೂ ಉಳಿಸಿ, ಅರ್ಧ ಇಂಚಿಗಿಂತ ಕಡಿಮೆ ಬಿಚ್ಚಿ ಮತ್ತೆ ಕ್ರಿಂಪ್ ಮಾಡಿದೆ. ಎರಡೂ ಕಡೆ 940. ಎರರ್ ಸೊನ್ನೆಯಲ್ಲೇ ನಿಂತಿದೆ, ಎರಡು ತಿಂಗಳಾಯಿತು.

ಒಟ್ಟು ಖರ್ಚು 5,000 ದಾಟಿತು. ನಿಜಕ್ಕೂ ಬೇಕಾಗಿದ್ದು ಕೇಬಲ್ಲು, ಜ್ಯಾಕು ಸೇರಿ 1,300 ಅಷ್ಟೆ. ಅದೇ 60 ಜಿಬಿ ಈಗ ಒಂಬತ್ತು–ಹತ್ತು ನಿಮಿಷಕ್ಕೆ ಮೇಲಿರುತ್ತದೆ. ಬಾಮೈದ ಪಕ್ಕದಲ್ಲೇ ಕೂತು ಗಡಿಯಾರ ಹಿಡಿದು ನೋಡಿದ, ಅವನ ಅಂಗಡಿಯಲ್ಲೂ 94 ಬರುತ್ತಿದೆಯಂತೆ. ಭಾನುವಾರ ಬ್ಲೇಡು ಹಿಡಿದು ಅಲ್ಲಿಗೆ ಹೋಗುವುದಿದೆ.