ಒಂದು ಕೆರೆ, ಒಂದು ಅಳತೆ, ಆರು ದಿನ: ಪದವಿ ವಿದ್ಯಾರ್ಥಿಗಳ ಸಂಶೋಧನೆ ನಾವು ಮಾಡಿಸುವ ಬಗೆ

ಬಿ.ಎಸ್ಸಿ. ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಮೊದಲ ದಿನ ಹಿಡಿದು ಬರುವ ಶೀರ್ಷಿಕೆ ಬಹುಪಾಲು ಹೀಗಿರುತ್ತದೆ: ‘ಬೆಂಗಳೂರಿನ ಕೆರೆಗಳ ಮಾಲಿನ್ಯ – ಒಂದು ಅಧ್ಯಯನ’. ಐದು ಕೆರೆ, ಪ್ರತಿ ಕೆರೆಗೂ ಹನ್ನೆರಡು ಪರೀಕ್ಷೆ, ಒಂದೊಂದು ಸಲ. ಸೆಮಿಸ್ಟರ್ ಮುಗಿಯುವಾಗ ಕೈಯಲ್ಲಿ 60 ಅಂಕಿಗಳಿರುತ್ತವೆ. ‘ಇದು ಸರಿಯೆಂದು ಹೇಗೆ ಹೇಳ್ತೀರಿ?’ ಎಂದು ಯಾರಾದರೂ ಕೇಳಿದರೆ ಅವುಗಳಲ್ಲಿ ಒಂದಕ್ಕೂ ಉತ್ತರವಿರುವುದಿಲ್ಲ, ಏಕೆಂದರೆ ಯಾವುದನ್ನೂ ಎರಡನೇ ಸಲ ಅಳೆದಿಲ್ಲ. ಆದ್ದರಿಂದ ನಾವು ಮೊದಲ ಎರಡು ವಾರವನ್ನು ಪ್ರಶ್ನೆಯನ್ನು ಕಿರಿದು ಮಾಡುವುದಕ್ಕೇ ಕೊಡುತ್ತೇವೆ. ಕೊನೆಗೆ ಅದು ಒಂದು ವಾಕ್ಯಕ್ಕೆ ಬಂದು ನಿಲ್ಲಬೇಕು: ಈ ಕೆರೆಯ ಕೋಡಿಯ ಹತ್ತಿರ ಕರಗಿದ ಆಮ್ಲಜನಕ ಬೆಳಗ್ಗೆ 6ಕ್ಕೂ ಮಧ್ಯಾಹ್ನ 2ಕ್ಕೂ ಎಷ್ಟು ಬದಲಾಗುತ್ತದೆ?

ನೋಡುವುದಕ್ಕೆ ಸಣ್ಣ ಪ್ರಶ್ನೆ, ಆದರೆ ಊರಿಗೆ ಬೇಕಾದದ್ದು. ಒಳಚರಂಡಿ ನೀರು ಸೇರುವ ನಮ್ಮ ಕೆರೆಗಳು ಪಾಚಿಯಿಂದ ಹಸಿರಾಗಿರುತ್ತವೆ. ಬಿಸಿಲಿರುವಾಗ ಪಾಚಿ ಆಮ್ಲಜನಕ ಬಿಡುತ್ತದೆ. ಕತ್ತಲಾದ ಮೇಲೆ ಪಾಚಿ, ಬ್ಯಾಕ್ಟೀರಿಯಾ, ಮೀನು ಎಲ್ಲವೂ ಅದೇ ಆಮ್ಲಜನಕವನ್ನು ಬಳಸುತ್ತವೆ, ಕೊಡುವವರು ಯಾರೂ ಇರುವುದಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಮಟ್ಟ ತೀರಾ ಕೆಳಗಿರುತ್ತದೆ. ಮೀನು ಸತ್ತು ತೇಲುವುದು ಹೆಚ್ಚಾಗಿ ಬೆಳಗಿನ ವಾಕಿಂಗಿನವರ ಕಣ್ಣಿಗೇ ಬೀಳುವುದಕ್ಕೆ ಇದೂ ಕಾರಣ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆಗೆ ಯೋಗ್ಯವಾದ ‘ಡಿ’ ವರ್ಗದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿ.ಗ್ರಾಂ ಇರಬೇಕು. ಬೆಳಗ್ಗೆ 11ಕ್ಕೆ ಒಂದೇ ಒಂದು ಬಾಟಲಿ ತುಂಬಿಸಿ ತಂದವರಿಗೆ ಪಾಸಾಗಿ ಕಂಡ ಕೆರೆ, ಅದೇ ದಿನ ಬೆಳಗಿನ ಜಾವ ಫೇಲಾಗಿರಬಹುದು. ಹಳೆಯ ವರದಿಗಳಲ್ಲಿ ನೀರು ತೆಗೆದ ಗಂಟೆ ಬರೆದಿಲ್ಲದಿದ್ದರೆ ಆ ಅಂಕಿಗಳನ್ನು ನಾನು ಹೋಲಿಕೆಗೆ ಬಳಸಲು ಬಿಡುವುದಿಲ್ಲ.

ಆಮ್ಲಜನಕ ಅಳೆಯುವ ಮೀಟರ್ ಇದ್ದರೂ ನಾವು ಮೊದಲು ವಿಂಕ್ಲರ್ ವಿಧಾನವನ್ನೇ ಕಲಿಸುತ್ತೇವೆ. 1888ರಲ್ಲಿ ಹಂಗೇರಿಯ ಲಾಯೋಶ್ ವಿಂಕ್ಲರ್ ಕಂಡುಹಿಡಿದದ್ದು, ಈಗಲೂ ಮೀಟರನ್ನು ಒರೆಗೆ ಹಚ್ಚುವುದು ಇದರಿಂದಲೇ. ನೀರಿನ ಆಮ್ಲಜನಕಕ್ಕೆ ತಕ್ಕಷ್ಟು ಅಯೋಡಿನ್ ಬಿಡುಗಡೆ ಮಾಡಿಸಿ, ಅದು ಮುಗಿಯುವವರೆಗೆ ಬ್ಯೂರೆಟ್ಟಿನಿಂದ ಹೈಪೋ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವುದು (ಟೈಟ್ರೇಷನ್) ಇದರ ಬಗೆ. ಕಾಲೇಜು ಲ್ಯಾಬಿನಲ್ಲಿರುವ ಸಾಮಾನೇ ಸಾಕು: 300 ಮಿ.ಲೀ. ಬಿಒಡಿ ಬಾಟಲಿಗಳು (ಗಾಳಿ ಉಳಿಯದಂತೆ ಬಿರಡೆ ಕೂರುವ ಗಾಜಿನ ಬಾಟಲಿ), ಬ್ಯೂರೆಟ್, ಪಿಪೆಟ್, ನಾಲ್ಕೈದು ರಾಸಾಯನಿಕ.

ದಿನಕ್ಕೆ ನಾಲ್ಕು ಹೊತ್ತು, ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6. ಪ್ರತಿ ಹೊತ್ತಿಗೂ ಮೂರು ಬಾಟಲಿ. ವಾರಕ್ಕೊಂದು ದಿನದಂತೆ ಆರು ವಾರ. ಒಟ್ಟು 72 ಬಾಟಲಿ ನೀರು. ಒಂದು ಬಾಟಲಿಗೆ 2 ಮಿ.ಲೀ. ಮ್ಯಾಂಗನೀಸ್ ಸಲ್ಫೇಟ್, 2 ಮಿ.ಲೀ. ಕ್ಷಾರ-ಅಯೊಡೈಡ್-ಅಜೈಡ್ ದ್ರಾವಣ ಬೇಕು. ತಲಾ 144 ಮಿ.ಲೀ. ಖರ್ಚಾಗುತ್ತದೆ, ಅಭ್ಯಾಸಕ್ಕೂ ಸೇರಿಸಿ 250 ಮಿ.ಲೀ. ಮಾಡಿಟ್ಟುಕೊಂಡರೆ ಸಾಲುತ್ತದೆ. ಮೊದಲನೆಯದಕ್ಕೆ ಒಂದು ಅಣು ನೀರಿರುವ ಮ್ಯಾಂಗನೀಸ್ ಸಲ್ಫೇಟ್ 91 ಗ್ರಾಂ. ಎರಡನೆಯದಕ್ಕೆ ಸೋಡಿಯಂ ಹೈಡ್ರಾಕ್ಸೈಡ್ 125 ಗ್ರಾಂ, ಸೋಡಿಯಂ ಅಯೊಡೈಡ್ 33.75 ಗ್ರಾಂ, ಅದಕ್ಕೆ 10 ಮಿ.ಲೀ. ನೀರಿನಲ್ಲಿ ಕರಗಿಸಿದ 2.5 ಗ್ರಾಂ ಸೋಡಿಯಂ ಅಜೈಡ್. ಅಜೈಡ್ ಕಡು ವಿಷ, ಅದನ್ನು ತೂಗುವುದು ಗೈಡೇ ಹೊರತು ವಿದ್ಯಾರ್ಥಿಯಲ್ಲ. ಸಿಂಕಿಗೆ ಸುರಿಯುವುದೂ ಕೂಡದು, ತಾಮ್ರ-ಸೀಸದ ಕೊಳವೆಗಳಲ್ಲಿ ಸ್ಫೋಟಕ ಲವಣ ಕಟ್ಟಿಕೊಳ್ಳುತ್ತದೆ. ಹಾಗಂತ ಅಜೈಡನ್ನು ಬಿಡುವಂತೆಯೂ ಇಲ್ಲ. ಒಳಚರಂಡಿ ನೀರಿನಲ್ಲಿ ನೈಟ್ರೈಟ್ ಇರುತ್ತದೆ, ಅದು ಅಯೊಡೈಡನ್ನು ಮತ್ತೆ ಮತ್ತೆ ಅಯೋಡಿನ್ ಮಾಡಿ ಇಲ್ಲದ ಆಮ್ಲಜನಕವನ್ನು ತೋರಿಸುತ್ತದೆ.

ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, 0.025 ನಾರ್ಮಲ್ (ದ್ರಾವಣದ ಸಾಂದ್ರತೆಯ ಅಳತೆ) ಇರಬೇಕು. ಲೀಟರಿಗೆ 6.205 ಗ್ರಾಂ. ಇದು ನಿಂತಲ್ಲೇ ಕೆಡುವ ದ್ರಾವಣ. ಹೋದ ವಾರ ಸರಿಯಿತ್ತೆಂದು ಈ ವಾರ ನಂಬುವಂತಿಲ್ಲ. ಪ್ರತಿ ಸಲ ಕೆರೆಗೆ ಹೋಗುವ ಹಿಂದಿನ ಸಂಜೆ ಪೊಟ್ಯಾಸಿಯಂ ಡೈಕ್ರೋಮೇಟ್ ಎದುರು ತಾಳೆ ನೋಡಿ ನಿಜವಾದ ನಾರ್ಮಾಲಿಟಿ ಬರೆದುಕೊಳ್ಳಬೇಕು.

ಕೆರೆಗೆ ಕಾಲಿಡುವ ಮೊದಲು ಒಂದು ಪರೀಕ್ಷೆ ಪಾಸಾಗಬೇಕು. ಡಿಸ್ಟಿಲ್ಡ್ ವಾಟರಿಗೆ ಅಕ್ವೇರಿಯಂ ಪಂಪಿನಿಂದ ಎರಡು ಗಂಟೆ ಗಾಳಿ ಹಾಯಿಸಿ, ಗುಳ್ಳೆಗಳೆಲ್ಲ ಹೋಗುವವರೆಗೆ ಬಿಟ್ಟು, ಆ ನೀರಿನ ಆಮ್ಲಜನಕ ಅಳೆಯಿರಿ ಎನ್ನುತ್ತೇವೆ. ಪುಸ್ತಕದ ಪಟ್ಟಿಯಲ್ಲಿ 25 ಡಿಗ್ರಿಗೆ ಲೀಟರಿಗೆ 8.26 ಮಿ.ಗ್ರಾಂ ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಹತ್ತಕ್ಕೆ ಒಂದು ಪಾಲು ಕಡಿಮೆ. ಹಾಗಾಗಿ ಇಲ್ಲಿ 7.4ರ ಆಸುಪಾಸು ಬರಬೇಕು. 8.2 ಬಂತೆಂದು ಖುಷಿಯಿಂದ ಓಡಿಬರುವ ತಂಡದ ಬಾಟಲಿಯಲ್ಲಿ ಗುಳ್ಳೆ ಸೇರಿರುತ್ತದೆ, ಇಲ್ಲವೇ ಹೈಪೋ ಸಪ್ಪೆಯಾಗಿರುತ್ತದೆ. ಮೂರು ಬಾಟಲಿಯೂ 7.3ರಿಂದ 7.5ರೊಳಗೆ ಬರುವವರೆಗೆ ಲ್ಯಾಬಿನಲ್ಲೇ ಅಭ್ಯಾಸ. ಸಾಮಾನ್ಯವಾಗಿ ಇದಕ್ಕೆ ಎರಡು ವಾರ ಹಿಡಿಯುತ್ತದೆ, ಆ ಎರಡು ವಾರಕ್ಕೆ ಕತ್ತರಿ ಹಾಕಬಾರದು.

ಇನ್ನು ಕೆರೆ. ಹಲವು ಕೆರೆಗಳ ಗೇಟು ಮಧ್ಯಾಹ್ನ ಮುಚ್ಚಿರುತ್ತದೆ, 2 ಗಂಟೆಯ ನೀರು ಬೇಕೆಂದರೆ ಉಸ್ತುವಾರಿ ಕಚೇರಿಯ ಅನುಮತಿ ಪತ್ರ ಬೇಕು. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ದಿನಾಂಕ, ಗಂಟೆ, ವಿದ್ಯಾರ್ಥಿಗಳ ಹೆಸರು ಬರೆದು ತಿಂಗಳ ಮೊದಲೇ ಕೊಡುತ್ತೇವೆ. ಒಂದು ಪ್ರತಿ ಗೇಟಿನ ಕಾವಲುಗಾರರ ಕೈಲಿ. ನೀರಿಗೆ ಇಳಿಯುವುದು ಯಾವ ಕಾರಣಕ್ಕೂ ಇಲ್ಲ, ಹೂಳು ಎಷ್ಟು ಆಳವಿದೆಯೆಂದು ಮೇಲಿಂದ ಗೊತ್ತಾಗುವುದಿಲ್ಲ. ಕೋಡಿಯ ಕಟ್ಟೆಯ ಮೇಲೋ ಮೆಟ್ಟಿಲ ಮೇಲೋ ನಿಂತು ಹಗ್ಗದಲ್ಲಿ ಇಳಿಬಿಡುವುದು, ಕನಿಷ್ಠ ಮೂವರು, ಕೈಗವಸು ಕಡ್ಡಾಯ.

ಬಕೆಟ್ಟಿನಲ್ಲಿ ನೀರೆತ್ತಿ ಬಾಟಲಿಗೆ ಸುರಿದರೆ ಕೆಲಸ ಅಲ್ಲಿಗೇ ಕೆಟ್ಟಿತು. ಸುರಿಯುವಾಗ ಗಾಳಿ ಬೆರೆಯುತ್ತದೆ, ಬೆಳಗಿನ 1 ಮಿ.ಗ್ರಾಂ ನೀರು 3 ತೋರಿಸುತ್ತದೆ. ನಾವು ಬಳಸುವುದು ಬಿಗಿ ಮುಚ್ಚಳದ ಸಣ್ಣ ಸ್ಟೀಲ್ ಕ್ಯಾನು. ಅದರೊಳಗೆ ಬಿಒಡಿ ಬಾಟಲಿ ನಿಲ್ಲಬೇಕು, ಸುತ್ತ ಇನ್ನೂ ಒಂದು ಲೀಟರಿನಷ್ಟು ಜಾಗ ಉಳಿಯಬೇಕು. ಮುಚ್ಚಳದಲ್ಲಿ ಎರಡು ತೂತು. ಒಂದರಿಂದ ಇಳಿದ ಕೊಳವೆ ಬಾಟಲಿಯ ತಳ ಮುಟ್ಟಬೇಕು, ಇನ್ನೊಂದರಲ್ಲಿ ಗಾಳಿ ಹೊರಗೆ ಹೋಗಲು ಮೋಟು ಕೊಳವೆ. ಕ್ಯಾನಿನ ತಳಕ್ಕೆ ಭಾರ ಕಟ್ಟಿ 30 ಸೆಂ.ಮೀ. ಆಳಕ್ಕೆ ಬಿಟ್ಟರೆ ನೀರು ಬಾಟಲಿಯ ತಳದಿಂದ ತುಂಬಿ, ಮೂರು ಪಟ್ಟು ಉಕ್ಕಿ ಹರಿದು, ಮೊದಲು ಗಾಳಿ ಸೋಕಿದ ನೀರನ್ನು ಹೊರದಬ್ಬುತ್ತದೆ. ಗುಳ್ಳೆಗಳ ಸದ್ದು ನಿಂತ ಮೇಲೆ ಎಳೆಯಬೇಕು.

ಬಾಟಲಿ ಮೇಲೆ ಬಂದ ಕೂಡಲೇ, ಏರಿಯ ಮೇಲೇ, ಎರಡೂ ದ್ರಾವಣಗಳನ್ನು ಪಿಪೆಟ್ಟಿನ ತುದಿ ನೀರಿನೊಳಗಿಟ್ಟು ಬಿಡಬೇಕು. ಬಿರಡೆ ಓರೆಯಾಗಿ ಒತ್ತಿ, ಗುಳ್ಳೆ ಉಳಿದಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ತಲೆಕೆಳಗು ಮಾಡಿ ಹದಿನೈದು ಸಲ ತಿರುಗಿಸಬೇಕು. ಆಮ್ಲಜನಕವಿದ್ದರೆ ಕಂದು ಮಡ್ಡಿ ಕೂರುತ್ತದೆ. ಬೆಳಗ್ಗೆ 6ರ ಬಾಟಲಿಯಲ್ಲಿ ಮಡ್ಡಿ ಮೊಸರಿನ ಹಾಗೆ ಬೆಳ್ಳಗೆ ಕೂತರೆ ಆಮ್ಲಜನಕ ಇಲ್ಲವೇ ಇಲ್ಲ ಎಂದರ್ಥ. ಅದೇ ಜಾಗದ 2 ಗಂಟೆಯ ಬಾಟಲಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕಿರಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ತೆಗೆದಿಡಿ, ಮುಂದೆ ಪೋಸ್ಟರಿಗೆ ಬೇಕಾಗುತ್ತದೆ. ಮಡ್ಡಿ ಅರ್ಧಕ್ಕೆ ಇಳಿದ ಮೇಲೆ 2 ಮಿ.ಲೀ. ಸಾಂದ್ರ ಗಂಧಕಾಮ್ಲ ಹಾಕಿ ಕರಗಿಸಿ, ಬಾಟಲಿಯ ಕೊರಳಿಗೆ ನೀರು ನಿಲ್ಲಿಸಿ, ಕಪ್ಪು ಬಟ್ಟೆ ಸುತ್ತಿ ಲ್ಯಾಬಿಗೆ ತರಬೇಕು. ಎಂಟು ಗಂಟೆಯೊಳಗೆ ಟೈಟ್ರೇಷನ್ ಮುಗಿಯಬೇಕು. ಹಸಿರು ನೀರಿನ ಸಾವಯವ ಪದಾರ್ಥ ಅಯೋಡಿನ್ನನ್ನು ನಿಧಾನಕ್ಕೆ ನುಂಗುತ್ತಿರುತ್ತದೆ. ಅಂದರೆ ಬೆಳಗಿನ ಬಾಟಲಿಗಳು ಸಂಜೆಯವುಗಳಿಗೆ ಕಾಯುವಂತಿಲ್ಲ, ತಂಡದಲ್ಲಿ ಒಬ್ಬರು ಮಧ್ಯಾಹ್ನವೇ ಲ್ಯಾಬಿನಲ್ಲಿ ಕೂರಬೇಕು.

203 ಮಿ.ಲೀ. ತೆಗೆದು ಟೈಟ್ರೇಟ್ ಮಾಡಿದರೆ, ಹಾಕಿದ ದ್ರಾವಣಗಳಿಂದ ಹೊರಚೆಲ್ಲಿದ ನೀರಿನ ಲೆಕ್ಕ ಕಳೆದು, ಅದು 200 ಮಿ.ಲೀ. ಮೂಲ ನೀರಿಗೆ ಸಮ. ಆಗ ಹೈಪೋ ಸರಿಯಾಗಿ 0.025 ನಾರ್ಮಲ್ ಇದ್ದರೆ 1 ಮಿ.ಲೀ. ಹೈಪೋ ಎಂದರೆ ಲೀಟರಿಗೆ 1 ಮಿ.ಗ್ರಾಂ ಆಮ್ಲಜನಕ. ಅಯೋಡಿನ್ ಇರುವವರೆಗೆ ನೀಲಿ ತೋರಿಸುವ ಸ್ಟಾರ್ಚ್ ಹಾಕುವುದು ದ್ರಾವಣ ಒಣಹುಲ್ಲಿನ ತಿಳಿಹಳದಿಗೆ ಬಂದ ಮೇಲೆ. ಮೊದಲೇ ಹಾಕಿದರೆ ನೀಲಿ ಗಟ್ಟಿಯಾಗಿ ಹಿಡಿದುಕೊಂಡು ಕೊನೆಯ ಬಿಂದು ದಾಟಿಹೋಗುತ್ತದೆ. ನೀಲಿ ಮೊದಲ ಸಲ ಮಾಯವಾದಾಗಲೇ ನಿಲ್ಲಿಸಿ. ಸ್ವಲ್ಪ ಹೊತ್ತಿಗೆ ಮತ್ತೆ ನೀಲಿ ಮರಳುತ್ತದೆ, ಅದರ ಹಿಂದೆ ಹೋಗಬೇಡಿ.

ಬಾಟಲಿಯ ಮೇಲೆ ನಂಬರ್ ಮಾತ್ರ ಇರಬೇಕು, ಗಂಟೆ ಇರಬಾರದು. ಯಾವ ಹೊತ್ತಿನ ನೀರೆಂದು ಟೈಟ್ರೇಷನ್ ಮಾಡುವವರಿಗೆ ಗೊತ್ತಿದ್ದರೆ ಕೈ ತನಗರಿಯದೆ ನಿರೀಕ್ಷೆಯ ಕಡೆ ವಾಲುತ್ತದೆ. ಲ್ಯಾಬ್ ನೋಟ್‌ಬುಕ್ ಹೊಲಿದ ಪುಸ್ತಕ, ಪೆನ್ನಿನಲ್ಲೇ ಬರಹ, ತಪ್ಪಿಗೆ ಒಂದು ಗೆರೆ. ವೈಟ್‌ನರ್ ಇಲ್ಲ. ಆ ದಿನದ ಪುಟದ ಫೋಟೋ ಅದೇ ರಾತ್ರಿ ತಂಡದ ವಾಟ್ಸಾಪ್ ಗುಂಪಿಗೆ ಬರಬೇಕು.

ವಾರಕ್ಕೊಮ್ಮೆ ಅರ್ಧ ಗಂಟೆ ಗೈಡ್ ಜತೆ ಕೂರುವುದು ತಪ್ಪಬಾರದು. ಆ ಅರ್ಧ ಗಂಟೆಯಲ್ಲಿ ತಪ್ಪದೆ ಬರುವ ಮಾತು: ‘ಮೇಡಂ, ಮೂರನೇ ಬಾಟಲಿ ಯಾಕೋ ಬೇರೆ ಬಂತು, ಬಿಟ್ಟುಬಿಡಲಾ?’ ಬಿಡುವಂತಿಲ್ಲ. ಗುಳ್ಳೆ ಇತ್ತು, ಬಿರಡೆ ಸಡಿಲವಿತ್ತು ಎಂದು ಟೈಟ್ರೇಷನ್ನಿಗೆ ಮುಂಚೆಯೇ ಬರೆದಿದ್ದರೆ ಮಾತ್ರ ಆ ಬಾಟಲಿ ಕೈಬಿಡಬಹುದು. ಅಂಕಿ ನೋಡಿದ ಮೇಲೆ ಹುಡುಕಿದ ಕಾರಣ ಕಾರಣವಲ್ಲ. ನನ್ನ ಮಟ್ಟಿಗೆ ಒಬ್ಬ ಗೈಡ್ ಇಡೀ ಸೆಮಿಸ್ಟರಿನಲ್ಲಿ ಕಲಿಸುವ ಅತಿ ದೊಡ್ಡ ಪಾಠ ಇದೇ, ಇದನ್ನು ಕ್ಲಾಸಿನಲ್ಲಿ ಹೇಳಿ ಕಲಿಸಲಾಗುವುದಿಲ್ಲ.

ಲೆಕ್ಕದಲ್ಲಿ ಎಡವುವುದು ಒಂದೇ ಕಡೆ. ಬೆಳಗ್ಗೆ 6ರ ಬಾಟಲಿಗಳು 18, ಆದ್ದರಿಂದ ಮಾದರಿಗಳ ಸಂಖ್ಯೆ 18 ಎಂದು ಬರೆಯುತ್ತಾರೆ. ಅಲ್ಲ, 6. ಒಂದೇ ಹೊತ್ತಿನ ಮೂರು ಬಾಟಲಿಗಳು ಹೇಳುವುದು ನಮ್ಮ ಕೈ ಎಷ್ಟು ನಡುಗಿತೆಂದು, ಆರು ದಿನಗಳು ಹೇಳುವುದು ಕೆರೆ ಎಷ್ಟು ಬದಲಾಯಿತೆಂದು. ಮೂರು ಬಾಟಲಿಗಳ ಸರಾಸರಿ ತೆಗೆದು ದಿನಕ್ಕೊಂದು ಅಂಕಿ ಮಾಡಿ, ಅದೇ ದಿನದ ಬೆಳಗು-ಮಧ್ಯಾಹ್ನದ ವ್ಯತ್ಯಾಸಕ್ಕೆ ಜೋಡಿ ಟಿ-ಪರೀಕ್ಷೆ (ವ್ಯತ್ಯಾಸ ಆಕಸ್ಮಿಕವೋ ಅಲ್ಲವೋ ಎಂದು ನೋಡುವ ಸಂಖ್ಯಾಶಾಸ್ತ್ರದ ಲೆಕ್ಕ) ಹಾಕಬೇಕು. ಮೋಡದ ದಿನ, ಹಿಂದಿನ ರಾತ್ರಿ ಮಳೆಯಾದ ದಿನ ವ್ಯತ್ಯಾಸ ಕಿರಿದಾಗುತ್ತದೆ. ಅದನ್ನು ಮುಚ್ಚಿಡದೆ ಗ್ರಾಫಿನಲ್ಲೇ ಗುರುತಿಸಿ.

ಮಂಡನೆಯ ಸಾರಾಂಶ 250 ಪದ. ‘ಫಲಿತಾಂಶಗಳನ್ನು ಚರ್ಚಿಸಲಾಗುವುದು’ ಎಂಬ ವಾಕ್ಯ ಇದ್ದರೆ ನಾನು ಸಹಿ ಹಾಕುವುದಿಲ್ಲ, ಅಲ್ಲಿ ಅಂಕಿ ಇರಬೇಕು. ದುಡ್ಡು ಕಟ್ಟಿದರೆ ಮೂರೇ ದಿನದಲ್ಲಿ ಅಚ್ಚು ಹಾಕುವ ಪತ್ರಿಕೆಗಳಿಗೆ ಕಳಿಸುವುದೂ ಬೇಡ.

ಪೋಸ್ಟರ್ ಎ0 ಅಳತೆ, 841 ಮಿ.ಮೀ. ಅಗಲ, 1189 ಉದ್ದ. ಶೀರ್ಷಿಕೆ ಅಕ್ಷರ 85 ಪಾಯಿಂಟ್, ಒಳಬರಹ 28ಕ್ಕಿಂತ ಕಡಿಮೆ ಬೇಡ. ಶೀರ್ಷಿಕೆಯಲ್ಲೇ ಉತ್ತರ ಹೇಳಿಬಿಡಬೇಕು. ನಡುವೆ ಒಂದೇ ದೊಡ್ಡ ಗ್ರಾಫ್: ಅಡ್ಡಕ್ಕೆ ಗಂಟೆ, ಉದ್ದಕ್ಕೆ ಆಮ್ಲಜನಕ, ಆರು ದಿನಕ್ಕೆ ಆರು ಗೆರೆ, 4 ಮಿ.ಗ್ರಾಂ ಮಟ್ಟದಲ್ಲಿ ಒಂದು ಕೆಂಪು ಗೆರೆ. ಪಕ್ಕದಲ್ಲಿ ಬಿಳಿ ಮತ್ತು ಕಂದು ಬಾಟಲಿಗಳ ಆ ಫೋಟೋ. ನೋಡುವವರು ಮೊದಲು ಬೆರಳಿಡುವುದು ಅದರ ಮೇಲೇ. ಕನ್ನಡ ಪೋಸ್ಟರನ್ನು ಹಳೆಯ ನುಡಿ ಫಾಂಟಿನಲ್ಲಿ ಕೂರಿಸಿದರೆ ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಯೂನಿಕೋಡಿನಲ್ಲಿ ಬರೆದು, ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಮಾಡಿ, ಮೊದಲು ಎ4ನಲ್ಲಿ ಒಂದು ಪ್ರತಿ ತೆಗೆಸಿ ಓದಿ. ಎ4ನಲ್ಲಿ ಕೈಯಳತೆಯಲ್ಲಿ ಹಿಡಿದು ಓದಲಾಗದ ಅಕ್ಷರ ದೊಡ್ಡದರಲ್ಲೂ ದೂರದಿಂದ ಕಾಣುವುದಿಲ್ಲ.

ಪೋಸ್ಟರಿನ ಮುಂದೆ ನಿಲ್ಲುವವರಿಗೆ ಎರಡು ನಿಮಿಷದ ಮಾತು ಬಾಯಿಗೆ ಬಂದಿರಬೇಕು. ಬಂದೇ ಬರುವ ಪ್ರಶ್ನೆಗಳು ಮೂರು. ಮೀಟರ್ ಯಾಕೆ ಬಳಸಲಿಲ್ಲ? ಒಂದೇ ಜಾಗ ಇಡೀ ಕೆರೆಗೆ ಹೇಗೆ ಸಾಕು? ಮಧ್ಯಾಹ್ನ 12 ಮಿ.ಗ್ರಾಂ ಬಂದಿದೆಯಲ್ಲ, 7.4ಕ್ಕಿಂತ ಹೆಚ್ಚು ಹೇಗೆ ಸಾಧ್ಯ? ಕೊನೆಯದಕ್ಕೆ ಉತ್ತರ, ಗಾಳಿಯಿಂದ ಕರಗುವುದಕ್ಕೆ ಮಾತ್ರ ಆ ಮಿತಿ, ಪಾಚಿ ನೀರಿನೊಳಗೇ ಆಮ್ಲಜನಕ ತಯಾರಿಸುತ್ತದೆ. ಎರಡನೆಯದಕ್ಕೆ, ‘ಸಾಲುವುದಿಲ್ಲ ಸರ್, ಇದು ಕೋಡಿಯ ಹತ್ತಿರದ ಮಾತು ಮಾತ್ರ’ ಎಂದು ನೇರವಾಗಿ ಹೇಳಬೇಕು. ಗೈಡ್ ಆ ಹೊತ್ತು ಪಕ್ಕದಲ್ಲಿರಬಾರದು. ನಾವಿದ್ದರೆ ಪ್ರಶ್ನೆ ಕೇಳುವವರು ನಮ್ಮ ಮುಖ ನೋಡುತ್ತಾರೆ.

ಪ್ರದರ್ಶನ ಮುಗಿದ ಮೇಲೆ ನೋಟ್‌ಬುಕ್ ವಿಭಾಗದ ಬೀರುವಿಗೆ ಬರುತ್ತದೆ. ಮುಂದಿನ ವರ್ಷದ ತಂಡ ಅದನ್ನು ತೆಗೆದು, ಅದೇ ಕ್ಯಾನು ಹಿಡಿದು, ಅದೇ ಕಟ್ಟೆಯ ಮೇಲೆ ನಿಂತು ಬೆಳಗ್ಗೆ 6ರ ಮೂರು ಬಾಟಲಿ ತುಂಬಿಸಿ, ಹಳೆಯ ಅಂಕಿಗಳ ಪಕ್ಕದಲ್ಲಿ ಹೊಸದನ್ನು ಬರೆದ ಮೇಲೆಯೇ ತನ್ನ ಪ್ರಶ್ನೆಗೆ ಕೈಹಾಕುತ್ತದೆ.