ಐದಡಿಯವರ ಹೆಗಲಿಗೆ ಟ್ರ್ಯಾಪ್ ಕೋವಿ: ಆರಿಸುವುದು ಹೇಗೆ?

ಗಿಡ್ಡಗಿರುವ ಹುಡುಗಿ ಟ್ರ್ಯಾಪ್ ಶೂಟಿಂಗ್ (ಹಾರುವ ಬಿಲ್ಲೆಗೆ ಚರೆಕೋವಿಯಿಂದ ಹೊಡೆಯುವ ಆಟ) ಕಲಿಯುತ್ತೇನೆ ಅಂದರೆ ಸಾಕು, ಎಲ್ಲರೂ ಒಂದೇ ಸಲಹೆ ಕೊಡುತ್ತಾರೆ: 'ಹಗುರವಾದ ಚಿಕ್ಕ ಕೋವಿ ಕೊಡಿ, ಪಾಪ.' ಆ 'ಪಾಪ'ದಲ್ಲೇ ಇರುವುದು ಎಡವಟ್ಟು.

ನನ್ನ ತಂಗಿಯ ಮಗಳಿಗೆ 19 ವರ್ಷ. ಎತ್ತರ ಸರಿಯಾಗಿ ಐದು ಅಡಿ, ತುರುಬು ಬಿಟ್ಟು. ನಮ್ಮದು ಕೊಡಗು. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಮಧ್ಯಾಹ್ನ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಾ ಬೆಳೆದವಳು. ಟ್ರ್ಯಾಪ್ ಕಲಿಯುವ ಆಸೆ ಬಂದಾಗ ಪರಿಚಯದವರೊಬ್ಬರು ಪ್ರೀತಿಯಿಂದ ತಮ್ಮ 20 ಬೋರ್ (ಸಣ್ಣ ನಳಿಗೆಯ) ಕೋವಿ ತಂದರು. ಗರಿಯಂಥ ಹಗುರ. ಹದಿನೈದು ತೋಟಾ ಹಾರಿಸುವಷ್ಟರಲ್ಲಿ ಕೆನ್ನೆ ಊದಿತ್ತು. 'ದೊಡ್ಡಮ್ಮ, ಇದು ಕತ್ತೆ ಥರ ಒದೀತದೆ' ಅಂದಳು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುವ ಅಭ್ಯಾಸ ಶುರುವಾಗಿತ್ತು. ಕೆನ್ನೆಯ ಊತ ಮೂರು ದಿನದಲ್ಲಿ ಇಳಿಯಿತು. ಕಣ್ಣಿನ ಚಾಳಿ ಬಿಡಿಸಲು ಎರಡು ತಿಂಗಳು ಬೇಕಾಯಿತು.

ಹಾಗಾಗಿ ನಾವು ಉಲ್ಟಾ ಕಲಿತದ್ದನ್ನು ಇಲ್ಲಿ ಸುಲ್ಟಾ ಬರೆಯುತ್ತಿದ್ದೇನೆ.

ಮೊದಲು ಆಟ ಯಾವುದು ಅಂತ ತಿಳಿಯಿರಿ

ಮರದ ಮೇಲಿನ ತೆಂಗಿನಕಾಯಿ ಎಲ್ಲೂ ಓಡುವುದಿಲ್ಲ. ಟ್ರ್ಯಾಪ್‌ನಲ್ಲಿ ಗುರಿ ನಿಮ್ಮಿಂದ ದೂರ ಓಡುತ್ತದೆ, ಅದೂ ಮೇಲೇರುತ್ತಾ. 110 ಮಿಲಿಮೀಟರ್ ಅಗಲ, ಸುಮಾರು 105 ಗ್ರಾಂ ತೂಕದ ಬಿಲ್ಲೆ. ಒಲಿಂಪಿಕ್ ಮಾದರಿಯಲ್ಲಿ ಶೂಟರ್ ನಿಲ್ಲುವ ಐದು ನಿಲ್ದಾಣ. ನಿಮ್ಮ ಮುಂದೆ 15 ಮೀಟರ್ ದೂರದ ಗುಂಡಿಯಲ್ಲಿ 15 ಯಂತ್ರ, ನಿಲ್ದಾಣಕ್ಕೆ ಮೂರರಂತೆ. ಯಾವುದರಿಂದ ಹಾರುತ್ತದೆ ಎಂದು ಗೊತ್ತಿರುವುದಿಲ್ಲ. ನೀವು ಕೂಗಿದ ಕೂಡಲೇ ಬಿಲ್ಲೆ ಚಿಮ್ಮುತ್ತದೆ. ಒಂದು ಸುತ್ತಿಗೆ 25 ಬಿಲ್ಲೆ, ಒಂದೊಂದಕ್ಕೆ ಎರಡು ತೋಟಾ ಹಾರಿಸುವ ಅವಕಾಶ.

ಇದರಲ್ಲಿ ಒಂದು ಸಮಾಧಾನ ಇದೆ. ಟ್ರ್ಯಾಪ್‌ನಲ್ಲಿ ಕೋವಿಯನ್ನು ಮೊದಲೇ ಹೆಗಲಿಗೆ ಇಟ್ಟುಕೊಂಡು ಆಮೇಲೆ ಕೂಗಬಹುದು. ಸ್ಕೀಟ್ ಎಂಬ ಇನ್ನೊಂದು ಬಿಲ್ಲೆ ಆಟದಲ್ಲಿ ಹಾಗಲ್ಲ, ಸೊಂಟದ ಹತ್ತಿರದಿಂದ ಎತ್ತಬೇಕು. ಅಂದರೆ ಟ್ರ್ಯಾಪ್ ಕೋವಿ ಸ್ವಲ್ಪ ಭಾರ ಇದ್ದರೂ ನಡೆಯುತ್ತದೆ. ಗಿಡ್ಡಗಿರುವವರಿಗೆ ಇದು ದೊಡ್ಡ ಅನುಕೂಲ.

ಹಗುರ ಯಾಕೆ ಬೇಡ?

ತೋಟಾ ಅದೇ ಇದ್ದರೆ, ಕೋವಿ ಹಗುರವಾದಷ್ಟೂ ಒದೆತ ಜಾಸ್ತಿ. ಖಾಲಿ ದೋಣಿಯಿಂದ ದಡಕ್ಕೆ ಜಿಗಿದರೆ ದೋಣಿ ಹೇಗೆ ಹಿಂದೆ ಹೋಗುತ್ತದೆ, ಹಾಗೆ. ಲೆಕ್ಕ ಹಾಕಿ ನೋಡಿದರೆ 3.6 ಕಿಲೋ ಕೋವಿಗಿಂತ 2.7 ಕಿಲೋ ಕೋವಿ ಹೆಗಲಿಗೆ ಮೂರನೇ ಒಂದರಷ್ಟು ಜಾಸ್ತಿ ಶಕ್ತಿಯಿಂದ ಗುದ್ದುತ್ತದೆ. '20 ಬೋರ್ ಮೆತ್ತಗೆ' ಅನ್ನುವ ಮಾತು ಅರ್ಧ ಸತ್ಯ. ಅದರ ತೋಟಾದಲ್ಲೂ 24 ಗ್ರಾಂ ಚರೆ (ಸಣ್ಣ ಗುಂಡುಗಳು) ತುಂಬಿದ್ದರೆ, ಕೋವಿ ಹಗುರವೂ ಆಗಿದ್ದರೆ, ಮೆತ್ತಗೆ ಎಲ್ಲಿಂದ ಬರಬೇಕು?

ಅಂದಹಾಗೆ ಈ ಬೋರ್ ಲೆಕ್ಕ ತಮಾಷೆಯದು. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ ಒಂದೊಂದರ ಅಗಲ ಎಷ್ಟೋ ಅಷ್ಟು ಅಗಲದ ನಳಿಗೆಯೇ 12 ಬೋರ್. ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು.

ನನ್ನ ಸಲಹೆ ಇಷ್ಟೇ: 12 ಬೋರ್ ತಗೊಳ್ಳಿ, ಒದೆತವನ್ನು ತೋಟಾದಲ್ಲಿ ಕಡಿಮೆ ಮಾಡಿ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಚರೆಯ ತೂಕದ ಮಿತಿಯೇ 24 ಗ್ರಾಂ. ಅಭ್ಯಾಸಕ್ಕೆ 21 ಗ್ರಾಂ ತೋಟಾ ಸಿಕ್ಕಿದರೆ ಇನ್ನೂ ಒಳ್ಳೆಯದು. ಕಾಡುಹಂದಿ ಕಾಟಕ್ಕೆಂದು ಮನೆಯಲ್ಲಿಟ್ಟ ಭಾರಿ ತೋಟಾವನ್ನು 'ಇದೇ ಇದೆಯಲ್ಲ' ಅಂತ ಕೊಡಲೇಬೇಡಿ.

ಹಾಗಂತ ಭಾರಕ್ಕೂ ಮಿತಿ ಇದೆ. 3.5 ಕಿಲೋ ಕೋವಿಯನ್ನು ಐದು ಸುತ್ತಿಗೆ, ಅಂದರೆ 125 ಸಲ ಎತ್ತಿದರೆ ಒಟ್ಟು 437 ಕಿಲೋ ಆಯಿತು. 50 ಕಿಲೋದ ಕಾಫಿ ಮೂಟೆ ಒಂಬತ್ತಕ್ಕೆ ಹತ್ತಿರ! ಮಗು ದಿನಕ್ಕೆ ಎರಡು ಸುತ್ತಿನಿಂದ ಶುರು ಮಾಡಲಿ. ತೋಳು ಗಟ್ಟಿಯಾದ ಹಾಗೆ ಹೆಚ್ಚಿಸಿ.

ಅಂಗಡಿಗೆ ಮುಂಚೆ ಕಣ್ಣು

ಕೋವಿ ಕೊಳ್ಳುವ ಮೊದಲು ಗೊತ್ತಾಗಬೇಕಾದದ್ದು ಯಾವ ಕಣ್ಣು ಯಜಮಾನ ಅನ್ನುವುದು. ಎರಡೂ ಅಂಗೈ ಮುಂದೆ ಚಾಚಿ, ನಡುವೆ ರೂಪಾಯಿಯಷ್ಟು ಕಿಂಡಿ ಬಿಡಿ. ಎರಡೂ ಕಣ್ಣು ತೆರೆದು ಆ ಕಿಂಡಿಯಿಂದ ಗೋಡೆ ಗಡಿಯಾರ ನೋಡಿ. ಈಗ ಎಡಗಣ್ಣು ಮುಚ್ಚಿ. ಗಡಿಯಾರ ಅಲ್ಲೇ ಇದ್ದರೆ ಬಲಗಣ್ಣು ಯಜಮಾನ. ಮಾಯವಾದರೆ ಎಡಗಣ್ಣು.

ಬಲಗೈಯವರಿಗೆ ಎಡಗಣ್ಣು ಯಜಮಾನ ಆಗಿರುವುದು ಅಪರೂಪವೇನಲ್ಲ. ಹೊಸಬರಾದರೆ ಎಡ ಹೆಗಲಿಗೇ ಇಟ್ಟು ಕಲಿಯುವುದು ಒಂದು ದಾರಿ. ಇನ್ನೊಂದು, ಕನ್ನಡಕದ ಎಡ ಗಾಜಿನ ಮೇಲೆ ಮಬ್ಬು ಟೇಪಿನ ಸಣ್ಣ ತುಂಡು ಅಂಟಿಸುವುದು. ಇದನ್ನು ನೋಡದೆ ಕೋವಿ ತಂದು, ಆಮೇಲೆ ಸ್ಟಾಕ್ (ಕೋವಿಯ ಹಿಂಭಾಗದ ಮರ) ತಪ್ಪು ಕಡೆ ಬಾಗಿದೆ ಎಂದು ಗೋಳಾಡುವವರನ್ನು ಕಂಡಿದ್ದೇನೆ.

ಉದ್ದ: ಮೂಗು ಮತ್ತು ಹೆಬ್ಬೆರಳಿನ ನಡುವಿನ ಮಾತು

ಎಲ್ಲಕ್ಕಿಂತ ಮುಖ್ಯ ಅಳತೆ ಟ್ರಿಗರ್‌ನಿಂದ ಬಟ್‌ನ ನಡುಮಧ್ಯಕ್ಕೆ (ಬಟ್ ಅಂದರೆ ಹೆಗಲಿಗೆ ಒರಗುವ ಹಿಂತುದಿ) ಇರುವ ದೂರ. ಕಾರ್ಖಾನೆಯಿಂದ ಬರುವ ಹೆಚ್ಚಿನ ಕೋವಿಗಳಲ್ಲಿ ಇದು ಹದಿನಾಲ್ಕೂವರೆ ಇಂಚಿನ ಆಸುಪಾಸು, ಅಂದರೆ ಸುಮಾರು 37 ಸೆಂಟಿಮೀಟರ್. ನಮ್ಮ ಐದಡಿ ಹುಡುಗಿಗೆ ಹೊಂದಿದ್ದು ಹದಿಮೂರೂಕಾಲು.

ಮೊಣಕೈ ಮಡಚಿ, ಬಟ್ ಅನ್ನು ಅಲ್ಲಿಗಿಟ್ಟು, ಬೆರಳು ಟ್ರಿಗರ್‌ಗೆ ಎಟುಕುತ್ತದಾ ಎಂದು ನೋಡುವ ಹಳೆಯ ಪದ್ಧತಿ ಇದೆ. ಸುಮ್ನೆ ಅಂದಾಜಿಗೆ ಸರಿ, ಅದನ್ನೇ ನಂಬಬೇಡಿ. ಕುತ್ತಿಗೆ ಎಷ್ಟು ಉದ್ದ, ಭುಜ ಎಷ್ಟು ಅಗಲ ಅನ್ನುವುದೆಲ್ಲ ಅದಕ್ಕೆ ಗೊತ್ತಾಗುವುದಿಲ್ಲ.

ಸರಿಯಾದ ಪರೀಕ್ಷೆ ಹೀಗೆ. ಕೋವಿ ಮುರಿದು (ಅಂದರೆ ನಡುವೆ ಮಡಚಿ ತೆರೆದು), ಎರಡೂ ನಳಿಗೆ ಖಾಲಿ ಇದೆ ಎಂದು ನೀವೂ ನೋಡಿ, ಪಕ್ಕದವರಿಗೂ ತೋರಿಸಿ. ಶೂಟಿಂಗ್ ಜಾಕೆಟ್ ಹಾಕಿಕೊಂಡೇ ಇರಿ, ಅದರ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಈಗ ಗೋಡೆಯ ಕಡೆ ತಿರುಗಿ ಕೋವಿಯನ್ನು ಹೆಗಲಿಗೆ ತನ್ನಿ. ಕೆನ್ನೆ ಸ್ಟಾಕಿನ ಮೇಲೆ ಕೂರಲಿ. ಹಿಡಿದ ಕೈಯ ಹೆಬ್ಬೆರಳ ಬುಡಕ್ಕೂ ಮೂಗಿಗೂ ನಡುವೆ ಎರಡರಿಂದ ಮೂರು ಬೆರಳು ಜಾಗ ಇರಬೇಕು. ಮೂಗಿಗೇ ಹೆಬ್ಬೆರಳು ತಾಗಿದರೆ ಕೋವಿ ಗಿಡ್ಡ. ಹಾರಿಸಿದಾಗ ಮೂಗಿಗೆ ಏಟು ಖಂಡಿತ. ಜಾಗ ಜಾಸ್ತಿ ಇದ್ದರೆ ಉದ್ದ.

ಉದ್ದ ಕೋವಿಯನ್ನು ಇನ್ನೊಂದು ರೀತಿಯಲ್ಲೂ ಹಿಡಿಯಬಹುದು. ಪಕ್ಕದಿಂದ ನಿಂತು ನೋಡಿ. ತುಂಬಿದ ಕೊಡ ಎತ್ತಿದವರ ಹಾಗೆ ಸೊಂಟ ಮುಂದೆ, ಬೆನ್ನು ಹಿಂದೆ ಬಾಗಿದೆಯಾ? ಕೋವಿ ಉದ್ದವೋ, ಮೂತಿ ಕಡೆ ಭಾರವೋ, ಎರಡೂ ಇರಬಹುದು. ಹಿಂದಕ್ಕೆ ವಾಲಿ ನಿಂತವರನ್ನು ಎರಡನೇ ಗುಂಡಿನ ಹೊತ್ತಿಗೆ ಕೋವಿಯೇ ಹಿಂದೆ ತಳ್ಳಿರುತ್ತದೆ. ನಾನು ಹುಡುಗಿಯಾಗಿದ್ದಾಗ ಅಜ್ಜನ ಜೋಡುನಳಿಗೆ ಕೋವಿ ಹಿಡಿದು ಹಾಗೇ ನಿಂತು ಕೆಸರಲ್ಲಿ ಕೂತಿದ್ದೇನೆ. ಮನೆಯವರು ಇವತ್ತಿಗೂ ಮರೆತಿಲ್ಲ.

ಕೆನ್ನೆ ಎಲ್ಲಿ ಕೂರುತ್ತದೆ

ಉದ್ದ ಎಲ್ಲರೂ ಅಳೆಯುತ್ತಾರೆ. ಎತ್ತರ ಮರೆಯುತ್ತಾರೆ. ಸ್ಟಾಕಿನಲ್ಲಿ ಕೆನ್ನೆ ಒರಗುವ ಮೇಲಂಚನ್ನು ಕೋಂಬ್ ಅನ್ನುತ್ತಾರೆ. ಚರೆಕೋವಿಗೆ ರೈಫಲ್ಲಿನಂತೆ ಹಿಂದೊಂದು ಗುರಿಕಿಂಡಿ ಇಲ್ಲ. ನಿಮ್ಮ ಕಣ್ಣೇ ಆ ಕಿಂಡಿ. ಕೆನ್ನೆ ಪ್ರತಿ ಸಲ ಒಂದೇ ಜಾಗದಲ್ಲಿ ಕೂರದಿದ್ದರೆ ಗುರಿಕಿಂಡಿಯೇ ಅಲುಗಾಡಿದ ಹಾಗೆ.

ಪರೀಕ್ಷೆ ಸುಲಭ. ಖಾಲಿ ಕೋವಿಯನ್ನು ಕಣ್ಣು ಮುಚ್ಚಿ ಹೆಗಲಿಗೆ ತನ್ನಿ, ಕೆನ್ನೆ ಇಡಿ, ಆಮೇಲೆ ಕಣ್ಣು ಬಿಡಿ. ಬರೀ ಕೋವಿಯ ಹಿಂಭಾಗದ ಉಕ್ಕು ಕಂಡರೆ ಕೋಂಬ್ ತಗ್ಗು. ನಳಿಗೆಯ ಮೇಲಿನ ಪಟ್ಟಿ ಉದ್ದಕ್ಕೂ ರಸ್ತೆಯಂತೆ ಕಂಡರೆ ಎತ್ತರ ಜಾಸ್ತಿ. ಪಟ್ಟಿ ಸ್ವಲ್ಪವೇ ಕಂಡು, ಅದರಲ್ಲಿ ಗುರಿಗೆಂದು ಕೂರಿಸಿದ ನಡುವಿನ ಮಣಿಯ ಮೇಲೆ ತುದಿಯ ಮಣಿ ಕೂತು ಇಂಗ್ಲಿಷ್ ಅಂಕಿ 8ರ ಹಾಗೆ ಕಂಡರೆ ಟ್ರ್ಯಾಪ್‌ಗೆ ಹೇಳಿ ಮಾಡಿಸಿದ್ದು. ಬಿಲ್ಲೆ ಮೇಲೇರುತ್ತಿರುತ್ತದಲ್ವಾ? ಅದಕ್ಕೇ ಟ್ರ್ಯಾಪ್ ಕೋವಿ ನೋಡಿದ್ದಕ್ಕಿಂತ ತುಸು ಮೇಲೆ ಹೊಡೆಯುವ ಹಾಗೆ ಕಟ್ಟಿರುತ್ತಾರೆ. ಬಿಲ್ಲೆಯನ್ನು ಮರೆಮಾಡದೆಯೇ ಹೊಡೆಯಬಹುದು.

ಕುತ್ತಿಗೆ ಉದ್ದ, ಮುಖ ಸಣ್ಣ ಇರುವ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಕೋಂಬ್ ಎತ್ತರ ಬೇಕಾಗುತ್ತದೆ. ಮನೆಯ ಹಳೆಯ ಜೋಡುನಳಿಗೆ ಕೋವಿಗಳಲ್ಲಿ ಸ್ಟಾಕ್ ಹಿಂದಕ್ಕೆ ಇಳಿಜಾರು. ಕೆನ್ನೆ ಗಾಳಿಯಲ್ಲಿ ತೇಲುತ್ತದೆ, ಒದೆತಕ್ಕೆ ಕೋವಿ ಮೇಲೆದ್ದು ಕೆನ್ನೆಮೂಳೆಗೆ ಬಡಿಯುತ್ತದೆ. ನಮ್ಮವಳ ಊತಕ್ಕೆ ಒದೆತದಷ್ಟೇ ಆ 20 ಬೋರ್ ಕೋವಿಯ ತಗ್ಗು ಕೋಂಬೂ ಕಾರಣ. ಕೀಲಿಯಿಂದ ತಿರುಗಿಸಿ ಎತ್ತರಿಸಬಹುದಾದ ಕೋಂಬ್ ಇರುವ ಕೋವಿ ಸಿಕ್ಕರೆ ಸ್ವಲ್ಪ ದುಡ್ಡು ಜಾಸ್ತಿ ಆದರೂ ಬಿಡಬೇಡಿ. 'ಬೆಳೆಯೋ ಹುಡುಗಿ' ಅಂದರಂತೂ ಮತ್ತೆ ಯೋಚಿಸುವುದೇ ಬೇಡ.

ಕೈ, ಎದೆ, ನಳಿಗೆ

ಸಣ್ಣ ಕೈಗೆ ದಪ್ಪ ಹಿಡಿ ಕಷ್ಟ. ತೋರುಬೆರಳಿನ ತುದಿಯ ಮೆತ್ತೆ ಟ್ರಿಗರ್ ಮೇಲೆ ಆರಾಮಾಗಿ ಕೂರಬೇಕು, ಕೈಯನ್ನು ಹಿಡಿಯ ಸುತ್ತ ತಿರುಚಿ ಎಟುಕಿಸಿಕೊಳ್ಳುವಂತೆ ಇರಬಾರದು. ಕೆಲವು ಸ್ಪರ್ಧಾ ಕೋವಿಗಳಲ್ಲಿ ಟ್ರಿಗರನ್ನೇ ಹಿಂದೆ ಮುಂದೆ ಸರಿಸಬಹುದು.

ಹೆಣ್ಣುಮಕ್ಕಳಿಗೆ ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ: ಬಟ್‌ನ ಕೆಳಮೂಲೆ ಎದೆಗೆ ಚುಚ್ಚುತ್ತದೆ. ಆ ಮೂಲೆಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ, ರಬ್ಬರ್ ಪ್ಯಾಡಿನ ಅಂಚನ್ನು ದುಂಡಗೆ ಮಾಡಿಸಿದರೆ ಸಾಕು. ನೋವಾದರೆ ಹೇಳು ಎಂದು ಮೊದಲೇ ಹೇಳಿಬಿಡಿ. ಕೋಚ್ ಗಂಡಸಾದರೆ ಮಕ್ಕಳು ಬಾಯಿ ಬಿಡುವುದಿಲ್ಲ. ಇಟಲಿಯಲ್ಲಿ ಸೈರೆನ್ ಎಂಬ ಹೆಸರಲ್ಲಿ ಹೆಂಗಸರ ಅಳತೆಗೇ ಕೋವಿ ಮಾಡುತ್ತಾರೆ, ಬೆರೆಟ್ಟಾದವರ ವಿಟ್ಟೋರಿಯಾ ಕೂಡ ಹಾಗೇ. ಅವು ಸಿಗದಿದ್ದರೆ ಚಿಂತೆ ಇಲ್ಲ. ಒಳ್ಳೆಯ ಬಡಗಿ ಕೈಯಿಟ್ಟರೆ ಮಾಮೂಲಿ ಸ್ಟಾಕೂ ಹೊಂದುತ್ತದೆ.

ನಳಿಗೆ 28 ಅಥವಾ 30 ಇಂಚು. ಮೇಲೊಂದು ಕೆಳಗೊಂದು ನಳಿಗೆ ಇರುವ ಕೋವಿಯೇ ಟ್ರ್ಯಾಪ್‌ಗೆ ರೂಢಿ. ಸೆಮಿ ಆಟೋಮ್ಯಾಟಿಕ್ ಕೋವಿ ಒದೆತದ ಪೆಟ್ಟನ್ನು ಮೆದು ಮಾಡುತ್ತದೆ, ನಿಯಮದಲ್ಲೂ ಅವಕಾಶ ಇದೆ. ಆದರೆ ಅದರ ಹಿಂಭಾಗ ಉದ್ದ, ಹೀಗಾಗಿ ಗಿಡ್ಡಗಿರುವವರಿಗೆ ಮೂತಿ ದೂರ ಹೋಯಿತು ಅನ್ನಿಸುತ್ತದೆ. ಮುರಿಯುವ ಕೋವಿ ತೆರೆದಿದ್ದರೆ ಖಾಲಿ ಎಂದು ಹತ್ತು ಹೆಜ್ಜೆ ಆಚೆಯವರಿಗೂ ಕಾಣುತ್ತದೆ. ಹೊಸಬರ ಕೈಗೆ ನಾನು ಅದನ್ನೇ ಕೊಡುತ್ತೇನೆ. ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವ ಪಂಪ್ ಕೋವಿಗೆ ಅಂತರರಾಷ್ಟ್ರೀಯ ಟ್ರ್ಯಾಪ್‌ನಲ್ಲಿ ಜಾಗವೇ ಇಲ್ಲ.

ಸ್ಟಾಕ್ ಕತ್ತರಿಸುವ ಮುಂಚೆ

ಮರ ಕತ್ತರಿಸಿದ ಮೇಲೆ ಮೊದಲಿನಂತೆ ಅಂಟಿಸುವುದು ಸುಲಭವಲ್ಲ. ಮೊದಲು ದಪ್ಪ ಪ್ಯಾಡ್ ತೆಗೆದು ತೆಳ್ಳನೆಯದು ಹಾಕಿ ನೋಡಿ. ಸಾಲದಿದ್ದರೆ ಕಾಲು ಇಂಚಿನಂತೆ ಕತ್ತರಿಸಿ. ಕತ್ತರಿಸಿದ ತುಂಡನ್ನು ಎತ್ತಿಡಿ, ಮುಂದೆ ಉದ್ದ ಮಾಡಲು ಬೇಕಾಗಬಹುದು. ಉದ್ದ ಕಡಿಮೆಯಾದಾಗ ಕೆನ್ನೆ ಮುಂದೆ ಸರಿಯುತ್ತದೆ, ಹಾಗಾಗಿ ಕೋಂಬಿನ ಪರೀಕ್ಷೆ ಮತ್ತೆ ಮಾಡಬೇಕು.

ಆಮೇಲೆ ಬಿಳಿ ಹಾಳೆ. ಶೂಟಿಂಗ್ ರೇಂಜಿನಲ್ಲಿ ಸುಮಾರು 15 ಮೀಟರ್ ದೂರಕ್ಕೆ ದೊಡ್ಡ ಹಾಳೆ ಕಟ್ಟಿ, ನಡುವೆ ಕಪ್ಪು ಚುಕ್ಕಿ ಇಡಿ. ರೈಫಲ್ಲಿನಂತೆ ಗುರಿ ಹಿಡಿಯದೆ, ಕೋವಿ ಎತ್ತಿದ ಕೂಡಲೇ ಹಾರಿಸಿ. ನಾಲ್ಕೈದು ಸಲ. ಚರೆಯ ಗುಂಪು ಚುಕ್ಕಿಗಿಂತ ಸ್ವಲ್ಪ ಮೇಲಿದ್ದರೆ ಸರಿ. ಕೆಳಗಿದ್ದರೆ ಕೋಂಬ್ ಎತ್ತರಿಸಬೇಕು. ಈ ದೂರದಲ್ಲಿ ಕೋಂಬ್ ಒಂದೂವರೆ ಮಿಲಿಮೀಟರ್ ಎತ್ತರಿಸಿದರೆ ಚರೆ ಹೆಚ್ಚುಕಡಿಮೆ ಒಂದು ಇಂಚು ಮೇಲೆ ಹೋಗುತ್ತದೆ. ಪೋಸ್ಟ್ ಕಾರ್ಡ್ ತುಂಡುಗಳನ್ನು ಟೇಪ್ ಹಾಕಿ ಅಂಟಿಸುತ್ತಾ ನಾವು ಇದನ್ನು ಮಾಡಿದ್ದು.

ಕಾಗದ ಪತ್ರ

21 ತುಂಬದವರಿಗೆ ನಮ್ಮಲ್ಲಿ ಕೋವಿ ಲೈಸೆನ್ಸ್ ಇಲ್ಲ. ತರಬೇತಿಯಲ್ಲಿ, ನಿಯಮದ ಪ್ರಕಾರ, ಕ್ಲಬ್ಬಿನ ಕೋವಿ ಹಾರಿಸಬಹುದು. 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸ್‌ದಾರರಿಗೆ ಎರಡೇ ಕೋವಿ. ಹಾಗಾಗಿ ಸುಮ್ನೆ ಒಂದು ತಂದಿಟ್ಟು ನೋಡೋಣ ಅನ್ನುವ ಹಾಗಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ವಂಶಪಾರಂಪರ್ಯ ಭೂಮಿ ಉಳ್ಳವರಿಗೂ) ಇರುವ ಲೈಸೆನ್ಸ್ ವಿನಾಯಿತಿ 2029ರ ಅಕ್ಟೋಬರ್ 31ರವರೆಗೆ ಇದೆ. ಅದು ಇದ್ದರೂ ಅಜ್ಜನ ಕೋವಿ ಟ್ರ್ಯಾಪ್‌ಗೆ ಹೊಂದುವುದಿಲ್ಲ ಅಂತ ಮೇಲೆ ಹೇಳಿಯಾಯಿತು. ಮೊದಲ ಆರು ತಿಂಗಳು ಕ್ಲಬ್ಬಿನ ಕೋವಿಯಲ್ಲೇ ಕಳೆಯಿರಿ. ದೆಹಲಿ, ಭೋಪಾಲ್, ಜೈಪುರದಂಥ ಕಡೆ ಚರೆಕೋವಿ ರೇಂಜ್‌ಗಳಿವೆ. ಶಿಬಿರಕ್ಕೆ ಹೋದಾಗ ನಾಲ್ಕಾರು ಜನರ ಕೋವಿ ಕೇಳಿ, ಹೆಗಲಿಗಿಟ್ಟು ನೋಡಿ. ಶೂಟರ್‌ಗಳು ಈ ವಿಷಯದಲ್ಲಿ ಉದಾರಿಗಳು.

ನಮ್ಮವಳ ಪರ್ಸಿನಲ್ಲಿ ಈಗ ಒಂದು ಚೀಟಿ ಇದೆ. ಉದ್ದ ಹದಿಮೂರೂಕಾಲು ಇಂಚು, ತೂಕ ಮೂರೂವರೆ ಕಿಲೋ ಒಳಗೆ, ಬಲಗಣ್ಣು, ಕೋಂಬ್ ಎತ್ತರಿಸುವಂಥದ್ದು, ಕೆಳಮೂಲೆ ದುಂಡಗೆ. ಮೊನ್ನೆ ಅಂಗಡಿಯವರು ಮತ್ತೆ ಅದೇ ಹಗುರ ಕೋವಿ ಕಡೆ ಕೈ ಚಾಚಿದರು. ಅವಳು ಚೀಟಿ ತೆಗೆದು ಗಾಜಿನ ಮೇಲೆ ಇಟ್ಟಳು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಒಳಗಡೆಯಿಂದ ಅಳತೆ ಟೇಪ್ ತರಿಸಿದರು.